ಏರು ಹತ್ತುವಾಗ ನೋಯುವ ಹಲ್ಲು

ಕೊನೆಕೊಯ್ಲಿನ ಗಡಿಬಿಡಿಯಲ್ಲಿ ತೋಟದವರು ಹಲ್ಲು ತೋರಿಸಲು ಬರುವುದಿಲ್ಲ. ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ಸುಲಿಯುವವರು ಬಂದಿರುತ್ತಾರೆ, ಬೇಯಿಸುವ ಹಂಡೆ ಒಲೆಯ ಮೇಲಿರುತ್ತದೆ. ಅಂಥದ್ದರಲ್ಲಿ ಜನವರಿಯ ಒಂದು ಬೆಳಿಗ್ಗೆ ಹೊಸನಗರ ತಾಲ್ಲೂಕಿನ ಯಜಮಾನರೊಬ್ಬರು ಬಂದು ಕುರ್ಚಿಯಲ್ಲಿ ಕೂತರು. "ಎಡಗಡೆ ಕೆಳಗಿನ ದವಡೆ ಹಲ್ಲು ಡಾಕ್ಟ್ರಮ್ಮ. ಕಿತ್ತುಬಿಡಿ. ಮದ್ದು ಗಿದ್ದು ಬ್ಯಾಡ, ನಂಗೆ ಮನೇಲಿ ಕೆಲಸ ಉಂಟು."

ಆ ಹಲ್ಲನ್ನು ಅವತ್ತೇ ಕಿತ್ತಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಇದೆ. ಊರಿನ ಹೆಸರು ಹಾಕುವುದು ಬೇಡ ಅಂದರು, ಹಾಕಿಲ್ಲ. ವಯಸ್ಸನ್ನು ಒಂದೆರಡು ವರ್ಷ ಆಚೀಚೆ ಮಾಡಿದ್ದೇನೆ. ಯಜಮಾನರು ಎಂದೇ ಕರೆಯುತ್ತೇನೆ, ಕ್ಲಿನಿಕ್ಕಿನಲ್ಲೂ ನಾನು ಕರೆಯುವುದು ಹಾಗೆಯೇ.

ಮೊದಲ ಭೇಟಿ

ವಯಸ್ಸು 57. ಮೂರು ಎಕರೆ ಅಡಿಕೆ, ಸ್ವಲ್ಪ ಗದ್ದೆ. ಹೊಗೆಸೊಪ್ಪಿಲ್ಲದ ಕವಳ (ಎಲೆ ಅಡಿಕೆ) ದಿನಕ್ಕೆ ಹತ್ತು ಹನ್ನೆರಡು ಸಲ, ಸಿಗರೇಟು ದಿನಕ್ಕೊಂದು ಪ್ಯಾಕು. ಬಿಪಿ, ಶುಗರ್ ಇದೆಯಾ ಎಂದು ಕೇಳಿದೆ. "ಎಂತದೂ ಇಲ್ಲ ಮಾರಾಯ್ರೆ. ತೋಟದಲ್ಲಿ ದುಡಿಯೋರಿಗೆ ಅದೆಲ್ಲ ಎಲ್ಲಿಂದ ಬರ್ತದೆ?" ಕಾರ್ಡಿನಲ್ಲಿ "ಇಲ್ಲ" ಎಂದು ಬರೆದುಕೊಂಡೆ. ಅವರು ಯಾವತ್ತೂ ಅಳೆಸಿರಲಿಲ್ಲ, ಅವತ್ತು ನಾನೂ ಅಳೆಯಲಿಲ್ಲ.

ಬಾಯಿ ತೆಗೆಸಿ ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹಲ್ಲಿನ ಬುಡದಲ್ಲೆಲ್ಲ ಕವಳದ ಕರೆ ಹಿಡಿದ ಗಟ್ಟಿ ಕಲ್ಲು. ಎರಡು ಹಲ್ಲು ಹಿಂದೆಯೇ ಬೇರೆ ಕಡೆ ಕೀಳಿಸಿಕೊಂಡಿದ್ದರು. ವಸಡಿಗೂ ಹಲ್ಲಿಗೂ ನಡುವಿನ ಸಂದಿಗೆ ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿ ಇಳಿಸಿ ಆಳ ನೋಡುತ್ತೇವೆ. 3 ಮಿ.ಮೀ. ತನಕ ಇದ್ದರೆ ಸರಿ. ಇವರಿಗೆ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲಿನ ಹತ್ತಿರ 7, ಅದರ ಹಿಂದಿನದಕ್ಕೆ 9. ಎರಡೂ ಅಲ್ಲಾಡುತ್ತಿದ್ದವು. ಎಕ್ಸ್‌ರೇಯಲ್ಲಿ ಬೇರಿನ ಅರ್ಧಕ್ಕೂ ಹೆಚ್ಚು ಮೂಳೆ ಕರಗಿತ್ತು. ಇಷ್ಟಾದರೂ ರಕ್ತ ಮಾತ್ರ ಅಷ್ಟಾಗಿ ಬರಲಿಲ್ಲ. ಸಿಗರೇಟು ಸೇದುವವರ ವಸಡು ಹೀಗೆಯೇ ಮೋಸ ಮಾಡುತ್ತದೆ. ಒಳಗೆ ಕಾಯಿಲೆ ಬೆಳೆಯುತ್ತಿದ್ದರೂ ರಕ್ತ ಸೋರುವುದು ಕಡಿಮೆ, ಮೇಲಿಂದ ನೋಡಿದರೆ ವಸಡು ಬಿಗಿಯಾಗಿಯೇ ಕಾಣುತ್ತದೆ.

ಈಗ ನನ್ನ ಟಿಪ್ಪಣಿಯನ್ನೇ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. "ಬಿಸಿ, ತಣ್ಣಗಿನದಕ್ಕೆ ನೋವಿಲ್ಲ. ತಟ್ಟಿದರೆ ನೋವಿಲ್ಲ. ಅಗಿಯುವಾಗ ನೋವಿಲ್ಲ. ರಾತ್ರಿ ನೋವಿಲ್ಲ." ನಾಲ್ಕೂ ನನ್ನ ಕೈಬರಹವೇ. ಹಲ್ಲಿನ ನೋವು ಎನ್ನಲು ಬೇಕಾದ ಒಂದು ಲಕ್ಷಣವೂ ಅಲ್ಲಿಲ್ಲ. ಹಾಗಾದರೆ ನೋವು ಬರುವುದು ಯಾವಾಗ ಎಂಬ ಐದನೇ ಪ್ರಶ್ನೆ ಕೇಳಬೇಕಿತ್ತು. ಎಕ್ಸ್‌ರೇ ಅಷ್ಟು ಸ್ಪಷ್ಟವಾಗಿ ಮಾತಾಡುತ್ತಿರುವಾಗ ರೋಗಿಯನ್ನು ಕೇಳುವುದೇನಿದೆ ಅನ್ನಿಸಿತ್ತು. ಆಂಟಿಬಯೋಟಿಕ್ ಬರೆದೆ, ಜೊತೆಗೆ ನೋವಿಗೆ ಮೂರು ದಿನದ ಡೈಕ್ಲೋಫಿನಾಕ್ ಮಾತ್ರೆ. ನಾಲ್ಕನೇ ದಿನ ಬನ್ನಿ, ಕೀಳೋಣ ಅಂದೆ. ಹೃದಯದ ರಕ್ತನಾಳ ಕಟ್ಟಿರುವವರಿಗೆ ಡೈಕ್ಲೋಫಿನಾಕ್ ಕೊಡಕೂಡದು ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ನನಗೆ ಅದು ಗೊತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಹೃದಯದ ಕಾಯಿಲೆ ಇದೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ.

ಇಪ್ಪತ್ತೆರಡು ಮೆಟ್ಟಿಲು

ನನ್ನ ಕ್ಲಿನಿಕ್ಕಿರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಇಪ್ಪತ್ತೆರಡು ಮೆಟ್ಟಿಲು. ವಯಸ್ಸಾದವರು ಅದಕ್ಕಾಗಿ ನನ್ನನ್ನು ಬೈಯುವುದುಂಟು. ನಾಲ್ಕನೇ ದಿನ ಯಜಮಾನರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಮೇಲೆ ಬಂದವರು ಅಮ್ಮ ಒಬ್ಬರೇ. ಇವರೆಲ್ಲಿ ಎಂದರೆ, "ಮೆಟ್ಲಲ್ಲಿ ಕೂತಿದ್ರು, ಬರ್ತ್ರು." ಐದು ನಿಮಿಷವಾಯಿತು. ಬಂದರು, ಕುರ್ಚಿಯಲ್ಲಿ ಕೂತರು, ನೋವು ಹೇಗಿದೆ ಎಂದು ಕೇಳಿದರೆ ಈಗ ಇಲ್ಲ ಅಂದರು. ನಿಮ್ಮ ಮಾತ್ರೆಯಿಂದ ಕಡಿಮೆ ಆಯ್ತು ಎಂದು ಪ್ರಶಂಸೆ ಬೇರೆ. ಮರಗಟ್ಟಿಸುವ ಇಂಜೆಕ್ಷನ್ ಎಳೆದು ಇಟ್ಟುಕೊಂಡಿದ್ದೆ. ಅದರಲ್ಲಿ ಹೃದಯದ ಬಡಿತ ಏರಿಸುವ ಅಡ್ರಿನಲಿನ್ ಇರುತ್ತದೆ.

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಅಲ್ಲಿಂದಲೇ ಅಂದರು: "ಕಡಿಮೆ ಎಂತ ಆಯ್ತು? ಈಗ ಮೆಟ್ಲಲ್ಲಿ ದವಡೆ ಹಿಡ್ಕಂಡು ಕೂತಿರ್ಲಿಲ್ವಾ? ತೋಟದಿಂದ ಬರುವಾಗಲೂ ಹಿಂಗೇ ಡಾಕ್ಟ್ರಮ್ಮ, ದಣಪೆ ಹತ್ರ ಬಂದು ಕೂತ್ಕಂತಾರೆ. ಕೂತ್ರೆ ಹೋಗ್ತದೆ."

ಇಂಜೆಕ್ಷನ್ ಕೆಳಗಿಟ್ಟೆ.

ಆಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ಅಮ್ಮನೇ. ದೀಪಾವಳಿ ಕಳೆದ ಮೇಲೆ ಶುರುವಾದದ್ದು. ಮೊದಲು ತಲೆಹೊರೆ ಇದ್ದರೆ ಮಾತ್ರ, ಆಮೇಲೆ ಬರಿಗೈಯಲ್ಲಿ ಹತ್ತಿದರೂ. ಎದೆನೋವಿಲ್ಲ, ಬೆವರಿಲ್ಲ, ಕೈ ಜೋಮಿಲ್ಲ. ದವಡೆಯಿಂದ ಗಂಟಲ ತನಕ ಬಿಗಿ ಹಿಡಿದ ಹಾಗೆ. ನಡುವೆ ಹದಿನೈದು ದಿನ ನೋವೇ ಇರಲಿಲ್ಲವಂತೆ. ಯಾಕೆ ಎಂದರೆ, "ಆಗ ತೋಟಕ್ಕೇ ಇಳೀಲಿಲ್ಲ. ಹಲ್ಲು ಗುಣ ಆಯ್ತು ಅಂದ್ಕಂಡ್ರು." ಬಿಪಿ ಅಳೆದೆ: 168/102.

ಹೃದಯದಿಂದ ಹೊರಡುವ ನೋವಿನ ಸುದ್ದಿಯೂ ದವಡೆಯಿಂದ ಹೊರಡುವ ಸುದ್ದಿಯೂ ಕತ್ತಿನ ಮೇಲ್ಭಾಗದ ನರಕೇಂದ್ರಗಳಲ್ಲಿ ಒಂದೇ ದಾರಿಗೆ ಬಂದು ಕೂಡುತ್ತವೆ. ಮಿದುಳಿಗೆ ವಿಳಾಸ ತಪ್ಪುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದಯಕ್ಕೆ ರಕ್ತ ಸಾಲದೆ ತೊಂದರೆಯಾದ 186 ಜನರ ಪೈಕಿ 71 ಜನರಿಗೆ ಮುಖ, ದವಡೆ, ಗಂಟಲಲ್ಲಿ ನೋವಿತ್ತು. 11 ಜನರಿಗೆ ಅದು ಬಿಟ್ಟು ಬೇರೆ ಲಕ್ಷಣವೇ ಇರಲಿಲ್ಲ. ಈ ಹನ್ನೊಂದು ಜನರಲ್ಲಿ ಕೆಲವರಾದರೂ ಮೊದಲು ಹಲ್ಲಿನ ಡಾಕ್ಟರ ಬಾಗಿಲು ತಟ್ಟಿರಬಹುದು. ಯಜಮಾನರಂತೆ ಬಾಯಿಯೂ ಕೆಟ್ಟಿದ್ದರೆ ಮೋಸ ಹೋಗುವುದು ಇನ್ನೂ ಸುಲಭ.

ಪಕ್ಕದ ಬೀದಿಯ ವೈದ್ಯರು ಇಸಿಜಿ ತೆಗೆದರು. ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಕೂತಾಗ ನೋವಿಲ್ಲದವರ ಇಸಿಜಿ ಕೂತಾಗ ಸರಿಯಿದ್ದರೆ ಆಶ್ಚರ್ಯವಿಲ್ಲ. ಆದರೆ ಹೊಸದಾಗಿ ಶುರುವಾಗಿ ಎರಡೇ ತಿಂಗಳಲ್ಲಿ ಇಪ್ಪತ್ತೆರಡು ಮೆಟ್ಟಿಲಿಗೆ ಇಳಿದ ನೋವನ್ನು ಅವರು ನಂಬಲಿಲ್ಲ. ಆಸ್ಪಿರಿನ್ ಅಗಿಯಲು ಕೊಟ್ಟು, ಟ್ರೆಡ್‌ಮಿಲ್ ಮೇಲೆ ಓಡಿಸುವ ಸ್ಥಿತಿ ಇದಲ್ಲ, ನೇರ ಶಿವಮೊಗ್ಗ ಅಂದರು. ರಿಪ್ಪನ್‌ಪೇಟೆ, ಆಯನೂರು ದಾಟುವ ಆ ದಾರಿಯುದ್ದಕ್ಕೂ ಯಜಮಾನರು ಅಡಿಕೆ ಬೇಯಿಸುವವರಿಗೆ ಫೋನು ಮಾಡುತ್ತಲೇ ಇದ್ದರಂತೆ. ಸಂಜೆ ಆಂಜಿಯೋಗ್ರಾಂ ಆಯಿತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳದಲ್ಲಿ 90 ಶೇಕಡಾ ಕಟ್ಟು. ಒಂದು ಸ್ಟೆಂಟ್ ಹಾಕಿದರು. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆ ಲೆಕ್ಕ, ಎಚ್‌ಬಿಎ1ಸಿ, 8.6. ಶುಗರ್ ಎಷ್ಟು ವರ್ಷದಿಂದ ಇತ್ತೋ ಯಾರಿಗೂ ಗೊತ್ತಿಲ್ಲ.

ಚಾಲಕರ ಪ್ಯಾಂಟಿನ ಅಳತೆ

ಹತ್ತು ದಿನ ಬಿಟ್ಟು ಫೋನು ಬಂತು. "ಡಾಕ್ಟ್ರಮ್ಮ, ಹಲ್ಲಿಂದ ಹಾರ್ಟಿಗೆ ಬಂತಾ, ಹಾರ್ಟಿಂದ ಹಲ್ಲಿಗೆ ಬಂತಾ?" ಬೆಂಗಳೂರಿನಲ್ಲಿರುವ ಮಗ ವಾಟ್ಸಾಪಿನಲ್ಲಿ ಏನೋ ಕಳಿಸಿದ್ದನಂತೆ, ವಸಡಿನ ಕ್ರಿಮಿಯೇ ಹೃದಯಾಘಾತಕ್ಕೆ ಕಾರಣ ಎಂದು.

ನಮ್ಮ ವೃತ್ತಿಯವರಿಗೆ ಹೌದು ಅನ್ನುವ ಆಸೆ ಇರುತ್ತದೆ. ಹೆದರಿದ ರೋಗಿ ಹಲ್ಲು ಕ್ಲೀನ್ ಮಾಡಿಸಲು ತಪ್ಪದೆ ಬರುತ್ತಾನೆ. ಗೋಡೆಗೆ ಅಂಟಿಸುವ ಚಿತ್ರಪಟದಲ್ಲೂ ಹಲ್ಲಿನಿಂದ ಹೃದಯಕ್ಕೆ ಒಂದು ಕೆಂಪು ಬಾಣ ಎಳೆದಿರುತ್ತಾರೆ. ಆ ಬಾಣ ಎಳೆದಷ್ಟು ನೇರವಾಗಿಲ್ಲ.

ಗೊತ್ತಿರುವುದು ಇಷ್ಟು. 1989ರಲ್ಲಿ ಫಿನ್ಲೆಂಡಿನ ವೈದ್ಯರು ಹೃದಯಾಘಾತವಾದವರ ಬಾಯಿ ಬೇರೆಯವರ ಬಾಯಿಗಿಂತ ಕೆಟ್ಟದಾಗಿದೆ ಎಂದು ತೋರಿಸಿದರು. ಆಮೇಲೆ ಅಂಥ ಅಧ್ಯಯನಗಳು ಎಷ್ಟೋ ಬಂದವು. ಸ್ವೀಡನ್ನಿನಲ್ಲಿ ಮೊದಲ ಸಲ ಹೃದಯಾಘಾತವಾದ 805 ಜನರನ್ನೂ ಅಷ್ಟೇ ಸಂಖ್ಯೆಯ ಆರೋಗ್ಯವಂತರನ್ನೂ ಹೋಲಿಸಿ 2016ರಲ್ಲಿ ಪ್ರಕಟಿಸಿದ್ದು ಹೆಚ್ಚು ಎಚ್ಚರದ್ದು: ಸಿಗರೇಟು, ಸಕ್ಕರೆ ಮೊದಲಾದವನ್ನು ಲೆಕ್ಕದಿಂದ ಕಳೆದ ಮೇಲೂ ಮೂಳೆ ಕರಗಿಸುವ ವಸಡಿನ ಕಾಯಿಲೆ ಇದ್ದವರಲ್ಲಿ ಹೃದಯಾಘಾತದ ಸಾಧ್ಯತೆ 1.28 ಪಟ್ಟು. ಇದೆ, ಆದರೆ ದೊಡ್ಡದಲ್ಲ. ದಾರಿಗಳೂ ಊಹೆಗೆ ಸಿಗುತ್ತವೆ. ಆ ಆಳದ ಸಂದುಗಳನ್ನೆಲ್ಲ ಬಿಡಿಸಿ ಹಾಸಿದರೆ ಎಳೆ ವೀಳ್ಯದೆಲೆಯಷ್ಟಾದರೂ ಹುಣ್ಣು ಆಗುತ್ತದೆ. ಕೈಮೇಲೆ ಅಷ್ಟಗಲದ ಹುಣ್ಣು ಹತ್ತು ವರ್ಷ ಒಣಗದೆ ಇದ್ದರೆ ಯಾರಾದರೂ ಸುಮ್ಮನೆ ಕೂರುತ್ತಾರಾ? ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ, ಯಕೃತ್ತು ಉರಿಯೂತದ ಪ್ರೋಟೀನು ಸುರಿಸುತ್ತದೆ, ರಕ್ತನಾಳದ ಒಳಪದರ ಬಿರುಸಾಗುತ್ತದೆ. ರಕ್ತನಾಳದ ಕಟ್ಟಿನೊಳಗೆ ವಸಡಿನ ಬ್ಯಾಕ್ಟೀರಿಯಾದ ಗುರುತು ಸಿಕ್ಕಿದ್ದೂ ಇದೆ. ಇಷ್ಟನ್ನೂ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿದ್ದು: ಸಂಬಂಧ ಇದೆ, ಇದರಿಂದಲೇ ಅದು ಎಂಬುದಕ್ಕೆ ಪುರಾವೆ ಇಲ್ಲ, ವಸಡು ಸರಿ ಮಾಡಿದರೆ ಹೃದಯಾಘಾತ ತಪ್ಪುತ್ತದೆ ಎಂಬುದಕ್ಕೂ ಇಲ್ಲ.

ಇದನ್ನು ಯಜಮಾನರಿಗೆ ಹೇಳುವುದು ಹೇಗೆ? ಬಸ್ಸಿನ ಕತೆ ಹೇಳಿದೆ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಲೆಕ್ಕ ಪ್ರಕಟಿಸಿದರು. ಚಾಲಕ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ದಿನವಿಡೀ ಮೇಲೆ ಕೆಳಗೆ ಹತ್ತಿ ಇಳಿಯುತ್ತಾನೆ. ಅದೇ ಬಸ್ಸು, ಅದೇ ಊರು, ಆದರೆ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ, ಬಂದರೂ ಸಾಯುವವರು ಕಡಿಮೆ. ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೆ ಮೊದಲ ಗಟ್ಟಿ ಆಧಾರ ಅದು. ನನಗೆ ಇಷ್ಟವಾಗುವುದು ಕತೆಯ ಎರಡನೇ ಭಾಗ. ಅದೇ ಮಾರಿಸ್ 1956ರಲ್ಲಿ ಸಿಬ್ಬಂದಿಯ ಸಮವಸ್ತ್ರದ ಅಳತೆ ಪುಸ್ತಕ ತೆಗೆದು ನೋಡಿದರು. ಚಾಲಕರ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು, ಎಳೆ ವಯಸ್ಸಿನವರಲ್ಲೂ. ಅಂದರೆ ಕೂತಿದ್ದರಿಂದ ಕಾಯಿಲೆ ಬಂತೋ, ಮೊದಲೇ ದಪ್ಪಗಿದ್ದವರು ಕೂರುವ ಕೆಲಸಕ್ಕೆ ಸೇರಿದರೋ? ತನ್ನ ಶೋಧಕ್ಕೆ ತಾನೇ ಅಡ್ಡಪ್ರಶ್ನೆ ಹಾಕಿಕೊಂಡ ಮನುಷ್ಯ.

ವಸಡು ಮತ್ತು ಹೃದಯದ ನಡುವೆಯೂ ಇಂಥ ಒಂದು ಪ್ಯಾಂಟಿನ ಅಳತೆ ಇದೆ. ಸ್ಕಾಟ್ಲೆಂಡಿನಲ್ಲಿ 11,869 ಜನರನ್ನು ವರ್ಷಗಟ್ಟಲೆ ಗಮನಿಸಿ 2010ರಲ್ಲಿ ಬಂದ ವರದಿಯಲ್ಲಿ, ದಿನಕ್ಕೊಮ್ಮೆಯೂ ಹಲ್ಲುಜ್ಜದವರಿಗೆ ಎರಡು ಹೊತ್ತು ಉಜ್ಜುವವರಿಗಿಂತ ಹೃದಯ-ರಕ್ತನಾಳದ ತೊಂದರೆ 1.7 ಪಟ್ಟು. ಹಾಗೆಂದು ಬ್ರಷ್ಷು ಹೃದಯ ಕಾಯಿತು ಎನ್ನಬಹುದಾ? ಎರಡು ಹೊತ್ತು ಹಲ್ಲುಜ್ಜುವವನು ಸಿಗರೇಟು ಕಡಿಮೆ ಸೇದುತ್ತಾನೆ, ಸಂಜೆ ನಾಲ್ಕು ಹೆಜ್ಜೆ ಜಾಸ್ತಿ ನಡೆಯುತ್ತಾನೆ, ಬಿಪಿ ಅಳೆಸುತ್ತಾನೆ. ಲೆಕ್ಕದಲ್ಲಿ ಎಷ್ಟು ಕಳೆದರೂ ಇವೆಲ್ಲ ಪೂರ್ತಿ ಕಳೆಯುವುದಿಲ್ಲ. ನಡೆಯುವವರ ವಸಡು ಚೆನ್ನಾಗಿರುತ್ತದೆ ಎನ್ನುವ ಅಧ್ಯಯನಗಳಿಗೂ ಇದೇ ಮಾತು. ಬರೀ ವ್ಯಾಯಾಮವೇ ವಸಡು ಕಾಯುವುದಾಗಿದ್ದರೆ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಪರೀಕ್ಷಿಸಿದ 302 ಕ್ರೀಡಾಪಟುಗಳಲ್ಲಿ 76 ಶೇಕಡಾ ಜನರಿಗೆ ವಸಡಿನ ಊತ ಇರುತ್ತಿರಲಿಲ್ಲ.

ಯಜಮಾನರು ಎಲ್ಲ ಕೇಳಿ ಅಂದದ್ದು: "ಹಂಗಾರೆ ಕಳ್ಳ ಒಬ್ನಲ್ಲ. ಸೈನ್ಯ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ತೋಟದವರಿಗೆ ವ್ಯಾಯಾಮವಾ?

ಅವರ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ನಡೆಯಿರಿ ಎಂದು ಹೃದಯದ ವೈದ್ಯರು ಹೇಳಿದಾಗ ಅವರಿಗೆ ನಗು ಬಂದಿತ್ತು. ಪೇಟೆಯವರಿಗೆ ಹೇಳುವುದನ್ನು ಮಲೆನಾಡಿನ ತೋಟದವನಿಗೆ ಹೇಳುತ್ತಾರಲ್ಲ ಎಂದು. ಒಂದು ದಿನ ಕೂರಿಸಿಕೊಂಡು ಅವರ ದಿನಚರಿಯನ್ನು ಗಂಟೆಗಂಟೆಗೆ ಬರೆಸಿಕೊಂಡೆ.

ಇಪ್ಪತ್ತು ವರ್ಷದ ಹಿಂದೆ: ಬೆಳಿಗ್ಗೆ ತೋಟಕ್ಕೆ ಇಳಿದು ಹತ್ತುವುದು, ಮಧ್ಯಾಹ್ನ ಮತ್ತೊಮ್ಮೆ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು ಹೊರುವುದು. ಕೊಟ್ಟಿಗೆಯಲ್ಲಿ ಆರು ದನ. ಬಸ್ಸಿಗೆ ಎರಡು ಮೈಲಿ ನಡಿಗೆ. ಈಗ: ತೋಟದ ಅಂಚಿನ ತನಕ ಮಣ್ಣುರಸ್ತೆ, ಬೈಕು. ಕೊಯ್ಲು ಗುತ್ತಿಗೆಗೆ, ಅವರು ಕಾರ್ಬನ್ ಫೈಬರ್ ದೋಟಿ ತಂದು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾರೆ. ಸುಲಿಯಲು ಯಂತ್ರ. ಬೋರ್ಡೋ ಹೊಡೆಯಲು ಆಳು. ದನ ಒಂದು. ಪೇಟೆಗೆ ಕಾರು. ಕೆಲಸ ಇಲ್ಲ ಎಂದಲ್ಲ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ ಅವರಿಗೆ ಪುರುಸೊತ್ತಿಲ್ಲ. ಆದರೆ ಆ ಪುರುಸೊತ್ತಿಲ್ಲದ ಹೊತ್ತಿನ ಬಹುಪಾಲು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ, ಪಕ್ಕದಲ್ಲಿ ಕವಳದ ತಟ್ಟೆ, ಜೇಬಿನಲ್ಲಿ ಸಿಗರೇಟು. ಮೈ ಬೆವರುವಂತೆ ನಡೆದದ್ದನ್ನು ಕೂಡಿಸಿದರೆ ದಿನಕ್ಕೆ ಹದಿನೈದು ನಿಮಿಷ ದಾಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ.

ಕಂಡಕ್ಟರಾಗಿದ್ದವರು ಯಾವಾಗ ಚಾಲಕರಾದರೋ ಅವರಿಗೇ ಗೊತ್ತಾಗಲಿಲ್ಲ. ಬಾಯಿ ಹಳೆಯದೇ ಇತ್ತು, ಊಟ ಹಳೆಯದೇ ಇತ್ತು. ಬೆಳಿಗ್ಗೆ ತೆಳ್ಳೇವಿಗೆ ಜೋನಿಬೆಲ್ಲ ಸುರಿದುಕೊಳ್ಳುವ ಕೈ ಸೊಪ್ಪು ಹೊರುತ್ತಿದ್ದ ಕಾಲದ ಅಳತೆಯಲ್ಲೇ ಸುರಿಯುತ್ತಿತ್ತು. ಮೈಗೆ ದುಡಿಮೆ ತಪ್ಪಿದ ಮೇಲೆ ಸಕ್ಕರೆ ಏರಿತು, ಸಕ್ಕರೆ ಏರಿದ ಮೇಲೆ ವಸಡಿಗೆ ಸೋಂಕು ತಡೆಯುವ ಶಕ್ತಿ ಕುಗ್ಗಿತು, ವಸಡಿನ ಉರಿಯೂತ ಸಕ್ಕರೆಯನ್ನು ಇನ್ನಷ್ಟು ಹಟಮಾರಿ ಮಾಡಿತು. ಸಕ್ಕರೆ ಕಾಯಿಲೆಗೂ ವಸಡಿಗೂ ಇರುವ ಈ ಕೊಡುಕೊಳ್ಳುವಿಕೆಗೆ ಪುರಾವೆ ಹೃದಯದ್ದಕ್ಕಿಂತ ಗಟ್ಟಿ. ಆಮೇಲೆ ಏರು ಹತ್ತಿದರೆ ದವಡೆ ನೋವು, ನೋವಿಗೆ ಹೆದರಿ ಹತ್ತುವುದೇ ಬಿಟ್ಟರು. ಉಳಿದಿದ್ದ ಹದಿನೈದು ನಿಮಿಷವೂ ಹೋಯಿತು.

ಸ್ಟೆಂಟ್ ಹಾಕಿದ ಮೇಲೆ ಇನ್ನೊಂದು ಅಡ್ಡಿ ಎದುರಾಯಿತು. ಮಗನಿಗೆ ಅಪ್ಪ ನಡೆಯುವುದೇ ಹೆದರಿಕೆ. "ಅಪ್ಪು ಸಾರ್ ಅಷ್ಟು ಫಿಟ್ ಇದ್ದೋರು ಮೇಡಂ" ಎಂದ ಫೋನಿನಲ್ಲಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ನಮ್ಮಲ್ಲಿ ವ್ಯಾಯಾಮವೆಂದರೆ ಒಂದು ಅಳುಕು ಕೂತುಬಿಟ್ಟಿದೆ. ಅಳುಕು ಸುಳ್ಳಲ್ಲ. ಅಭ್ಯಾಸವಿಲ್ಲದವರು ಒಮ್ಮೆಲೇ ಮೈದಂಡಿಸಿದರೆ ಆ ಹೊತ್ತಿಗೆ ಅಪಾಯ ಏರುವುದು ನಿಜ. ಅಭ್ಯಾಸವಾದಷ್ಟೂ ಆ ಅಪಾಯ ಇಳಿಯುವುದೂ ಅಷ್ಟೇ ನಿಜ. ಸ್ಟೆಂಟ್ ಆದವರನ್ನು ಮಲಗಿಸಿಟ್ಟರೆ ಒಳ್ಳೆಯದಾಗುವುದಿಲ್ಲ, ಹಂತಹಂತವಾಗಿ ನಡೆಸಿದರೆ ಆಸ್ಪತ್ರೆಗೆ ಮರಳುವುದು ಕಡಿಮೆಯಾಗುತ್ತದೆ. ಹೃದಯದ ವೈದ್ಯರು ಬರೆದುಕೊಟ್ಟಿದ್ದು ಸರಳ: ಸಮತಟ್ಟು ಜಾಗ, ಹತ್ತು ನಿಮಿಷದಿಂದ ಶುರು, ವಾರಕ್ಕೆ ಐದು ನಿಮಿಷ ಏರಿಸುವುದು, ನಡೆಯುವಾಗ ಮಾತಾಡಲು ಆಗಬೇಕು, ದವಡೆ ಬಿಗಿದರೆ ಅಲ್ಲೇ ಕೂತು ನಾಲಿಗೆ ಕೆಳಗೆ ಮಾತ್ರೆ.

ಸಮತಟ್ಟು ಜಾಗ ಹುಡುಕಬೇಕೆಂದರೆ ಹೊಸನಗರದ ಕಡೆ ಬಂದು ನೋಡಬೇಕು. ಬೇಸಿಗೆ ಹೇಗೋ ಕಳೆಯಿತು. ಆರಿದ್ರ ಹಿಡಿದ ಮೇಲೆ ಅಂಗಳಕ್ಕೆ ಕಾಲಿಟ್ಟರೆ ಜಾರುತ್ತದೆ, ದಾರಿಯಲ್ಲಿ ಇಂಬಳ. ಅಮ್ಮನೇ ಉಪಾಯ ಹೇಳಿದರಂತೆ. ಹಳೆಯ ಮನೆಯ ಜಗುಲಿ ನಲವತ್ತಡಿ ಉದ್ದ. ಹೋಗಿ ಬಂದರೆ ಎಂಬತ್ತಡಿ. ಒಂದು ತುದಿಯಲ್ಲಿ ಎರಡು ಬಟ್ಟಲು, ಒಂದರಲ್ಲಿ ನಲವತ್ತು ಅಡಿಕೆ. ಒಂದು ಸುತ್ತಿಗೆ ಒಂದು ಅಡಿಕೆ ಆಚೆ ಬಟ್ಟಲಿಗೆ. ಬಟ್ಟಲು ಖಾಲಿಯಾದರೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ. ಆಶ್ಲೇಷ ಮಳೆಯ ಹೊತ್ತಿಗೆ ದಿನಕ್ಕೆ ಮೂರು ಬಟ್ಟಲು ನಡೆಯುತ್ತಿದ್ದರು.

ಬಾಯಿಯ ಕೆಲಸ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಆರು ವಾರ ಏನೂ ಮುಟ್ಟಲಿಲ್ಲ, ಬ್ರಷ್ ಹಿಡಿಯುವುದು ಕಲಿಸಿದ್ದು ಬಿಟ್ಟರೆ. ಆಮೇಲೆ ಹೃದಯದ ವೈದ್ಯರೊಂದಿಗೆ ಮಾತಾಡಿ, ಬಾಯಿಯನ್ನು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗದಂತೆ ಬೇರಿನ ತನಕ ಕ್ಲೀನ್ ಮಾಡಿದೆ. ಒಂದೇ ದಿನ ಇಡೀ ಬಾಯಿ ಮಾಡಬಹುದಿತ್ತು. ಆದರೆ 2007ರಲ್ಲಿ 120 ಜನರ ಮೇಲೆ ನಡೆದ ಒಂದು ಪ್ರಯೋಗ ನನ್ನ ತಲೆಯಲ್ಲಿತ್ತು. ಒಂದೇ ಸಲ ತೀವ್ರವಾಗಿ ಕ್ಲೀನ್ ಮಾಡಿದ ಮರುದಿನ ಅವರ ರಕ್ತದಲ್ಲಿ ಉರಿಯೂತ ಏರಿ, ರಕ್ತನಾಳದ ಹಿಗ್ಗುವ ಗುಣ ಕುಗ್ಗಿತ್ತು. ಆರು ತಿಂಗಳ ಹೊತ್ತಿಗೆ ಅದೇ ಗುಣ ಬೇರೆಯವರಿಗಿಂತ ಚೆನ್ನಾಗಿತ್ತು. ಕೊನೆಗೆ ಲಾಭವೇ, ಆದರೆ ಹೊಸ ಸ್ಟೆಂಟ್ ಇರುವವರಿಗೆ ಆ ಮರುದಿನದ ತೊಂದರೆಯನ್ನು ಯಾಕೆ ಕೊಡಬೇಕು?

ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಹಲ್ಲು ಕೀಳಿಸಲು ಹೋಗುತ್ತೇನೆಂದು ಆ ಮಾತ್ರೆ ತಾವೇ ಬಿಟ್ಟು ಬರುವವರನ್ನು ಈಗಲೂ ನೋಡುತ್ತೇನೆ. ಬಾಯಲ್ಲಿ ಸೋರುವ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು, ಸ್ಟೆಂಟಿನೊಳಗೆ ಹೆಪ್ಪುಗಟ್ಟಿದ ರಕ್ತವನ್ನು ನಾನು ಏನೂ ಮಾಡಲಾರೆ. ಸ್ಟೆಂಟ್ ಇದೆ ಎಂದು ಮುಂಚಿತ ಆಂಟಿಬಯೋಟಿಕ್ಕೂ ಬೇಕಿಲ್ಲ, ಅದು ಕೃತಕ ಕವಾಟ ಹಾಕಿಸಿಕೊಂಡವರಂಥ ಕೆಲವರಿಗೆ ಮಾತ್ರ.

ಸಿಗರೇಟು ಬಿಟ್ಟ ಮೂರನೇ ವಾರ ಗಾಬರಿಯಿಂದ ಬಂದರು. "ಬಿಟ್ಟ ಮೇಲೇ ರಕ್ತ ಬರೂಕೆ ಶುರು ಆಯ್ತಲ್ಲ. ಸೇದುವಾಗ್ಲೇ ಚೆನ್ನಾಗಿತ್ತು." ಹೊಗೆಯಿಂದ ಅದುಮಿದ್ದ ವಸಡು ತನ್ನ ಸ್ಥಿತಿಯನ್ನು ಈಗ ಹೇಳುತ್ತಿದೆ ಎಂದು ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. ನಾಲ್ಕನೇ ತಿಂಗಳಿಗೆ ಮುಂದಿನ ಹಲ್ಲುಗಳ ನಡುವೆ ವಸಡು ಗಂಟುಗಂಟಾಗಿ ಬೆಳೆಯಿತು. ಬಿಪಿಗೆ ಕೊಟ್ಟಿದ್ದ ಆಮ್ಲೋಡಿಪಿನ್ ಕೆಲವರಿಗೆ ಹೀಗೆ ಮಾಡುತ್ತದೆ. ಮಾತ್ರೆ ಬದಲಿಸಿಕೊಡಿ ಎಂದು ಹೃದಯದ ವೈದ್ಯರಿಗೆ ಚೀಟಿ ಬರೆದೆ, ಬದಲಿಸಿದರು, ಎರಡು ತಿಂಗಳಲ್ಲಿ ಇಳಿಯಿತು. ನಾವಿಬ್ಬರೂ ಇವತ್ತಿನ ತನಕ ಮುಖಾಮುಖಿ ಭೇಟಿಯಾಗಿಲ್ಲ. ಯಜಮಾನರ ಅಂಗಿ ಜೇಬಿನಲ್ಲಿ ಓಡಾಡಿದ ಚೀಟಿಗಳೇ ನಮ್ಮ ಪರಿಚಯ.

ಕವಳದ ಮಾತು ಎತ್ತಿದಾಗ ಮಾತ್ರ ಜಗಳವಾಯಿತು. ಅಡಿಕೆಯನ್ನೇ, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪಟ್ಟಿಗೆ ಸೇರಿಸಿದೆ. ಅದನ್ನು ಅಡಿಕೆಯ ಅನ್ನ ತಿನ್ನುವವರ ಎದುರು ಹೇಳಬೇಕು, ಹೇಳುವ ನಾನು ಓದಿದ್ದೂ ಅಡಿಕೆ ದುಡ್ಡಿನಲ್ಲೇ. ಹನ್ನೆರಡು ಕವಳ ಎರಡಕ್ಕೆ ಇಳಿದಿದೆ, ಊಟದ ನಂತರ ಒಂದೊಂದು. ಸೊನ್ನೆಯಾಗಿಲ್ಲ.

ಒಂದು ವರ್ಷದ ಲೆಕ್ಕ

ಮುಂದಿನ ಜನವರಿಯ ಅಳತೆ: 6 ಮಿ.ಮೀ. ಅಥವಾ ಹೆಚ್ಚು ಆಳವಿದ್ದ ಜಾಗ 31 ಇದ್ದದ್ದು 7 ಆಗಿದೆ. ಎಚ್‌ಬಿಎ1ಸಿ 8.6ರಿಂದ 7ಕ್ಕೆ ಬಂದಿದೆ. ಈ ಇಳಿಕೆಯನ್ನು ನನ್ನ ಖಾತೆಗೆ ಬರೆದುಕೊಳ್ಳುವಂತಿಲ್ಲ. ವಸಡಿನ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.43ರಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ಪರಿಶೀಲನೆ ಹೇಳುತ್ತದೆ. ಉಳಿದದ್ದು ಮಾತ್ರೆಯದ್ದು, ಜಗುಲಿಯದ್ದು, ಈಗ ಅಳತೆ ನೋಡಿ ಸುರಿಯುವ ಜೋನಿಬೆಲ್ಲದ್ದು. ಬಿಪಿ 130/80. ತೋಟದ ಏರನ್ನು ದಣಪೆಯಲ್ಲಿ ಕೂರದೆ ಹತ್ತುತ್ತಾರೆ.

9 ಮಿ.ಮೀ. ಆಳದ ಆ ಹಿಂದಿನ ಹಲ್ಲನ್ನು ಎಂಟನೇ ತಿಂಗಳಲ್ಲಿ ಕೀಳಬೇಕಾಯಿತು, ಮಾತ್ರೆ ನಿಲ್ಲಿಸದೆಯೇ. ರಕ್ತ ನಿಲ್ಲಲು ಇಪ್ಪತ್ತು ನಿಮಿಷ ಹಿಡಿಯಿತು. ಅದರ ಮುಂದಿನದು, ಮೊದಲ ದಿನ ಕಿತ್ತುಬಿಡಿ ಎಂದು ಬೆರಳು ತೋರಿಸಿದ್ದು, ಇನ್ನೂ ಸ್ವಲ್ಪ ಅಲ್ಲಾಡುತ್ತದೆ, ಆದರೆ ಇದೆ.

ಕ್ಲಿನಿಕ್ಕಿನಲ್ಲಿ ಈಗ ಒಂದು ಬದಲಾವಣೆ ಮಾಡಿದ್ದೇನೆ. ನಲವತ್ತು ದಾಟಿದವರು ಯಾರೇ ಬರಲಿ, ಬಾಯಿ ತೆಗೆಸುವ ಮೊದಲು ಬಿಪಿ ಪಟ್ಟಿ ಕಟ್ಟುತ್ತೇವೆ. ಕಾರ್ಡಿನಲ್ಲಿ ಎರಡು ಸಾಲು ಜಾಸ್ತಿ: ನೋವು ಬರುವುದು ಯಾವಾಗ, ದಿನಕ್ಕೆ ಎಷ್ಟು ನಡೆಯುತ್ತೀರಿ. ಎರಡನೆಯದಕ್ಕೆ ಬರುವ ಉತ್ತರಗಳಲ್ಲಿ ಹತ್ತಕ್ಕೆ ಎಂಟು ಒಂದೇ ಥರ: "ನಾವು ತೋಟದೋರಲ್ವಾ."

ಯಜಮಾನರು ಮೂರು ತಿಂಗಳಿಗೊಮ್ಮೆ ಬರಬೇಕು. ಈ ಸಲ ತಪ್ಪಿಸಿದ್ದಾರೆ. ಫೋನು ಮಾಡಿದರೆ ಅಮ್ಮ ಎತ್ತಿದರು: "ಕೊನೆ ಇಳಿಸ್ತಾ ಇದಾರೆ ಡಾಕ್ಟ್ರಮ್ಮ. ಇವ್ರು ತೋಟದಲ್ಲೇ ಇದಾರೆ. ಬೈಕ್ ಇಲ್ಲೇ ಉಂಟು."